ವಾಟರ್ ಟನೆಲ್‌ಗೆ ಯಾವ ಕಣ? ಗಾಜು, ಬೆಳ್ಳಿ, ಪಾಲಿಅಮೈಡ್, ರೋಡಮಿನ್

ನಮ್ಮ ಲ್ಯಾಬಿನ ವಾಟರ್ ಟನೆಲ್ ಚಿಕ್ಕದು. ಸುಮಾರು 1000 ಲೀಟರ್ ನೀರು ಸುತ್ತುತ್ತಿರುತ್ತದೆ, ವೇಗ ಸೆಕೆಂಡಿಗೆ 10ರಿಂದ 20 ಸೆಂ.ಮೀ. ನಡುವೆ ಒಂದು ಸಿಲಿಂಡರ್ ನಿಲ್ಲಿಸಿ, ಅದರ ಹಿಂದೆ ಏಳುವ ಸುಳಿಗಳನ್ನು ಪಿಐವಿಯಲ್ಲಿ (ಪಾರ್ಟಿಕಲ್ ಇಮೇಜ್ ವೆಲಾಸಿಮೆಟ್ರಿ, ಅಂದರೆ ನೀರಿಗೆ ಸಣ್ಣ ಕಣ ಬೆರೆಸಿ ಅವುಗಳ ಚಿತ್ರದಿಂದ ಹರಿವಿನ ವೇಗ ಕಂಡುಹಿಡಿಯುವ ವಿಧಾನ) ಅಳೆಯುತ್ತೇವೆ. 532 ನ್ಯಾನೋಮೀಟರ್‌ನ ಹಸಿರು ಲೇಸರನ್ನು ಹಾಳೆಯಷ್ಟು ತೆಳ್ಳಗೆ ಹರಡಿ, ಎರಡು ಸಲ ಮಿಂಚಿಸಿ, ಎರಡು ಚಿತ್ರ ತೆಗೆದು, ನಡುವೆ ಕಣಗಳು ಎಷ್ಟು ಸರಿದವು ಎಂದು ನೋಡುವುದು. ಈ ಟನೆಲ್‌ಗೆ ಇಲ್ಲವೇ ನಮ್ಮ ಚಿಕ್ಕ ತೊಟ್ಟಿಗೆ ನಾಲ್ಕು ಬಗೆಯ ಕಣ ಹಾಕಿ ನೋಡಿದ್ದೇನೆ: ಟೊಳ್ಳು ಗಾಜಿನ ಗೋಲಿ, ಅದಕ್ಕೇ ಬೆಳ್ಳಿ ಲೇಪಿಸಿದ್ದು, ಪಾಲಿಅಮೈಡ್ (ನೈಲಾನ್ ಜಾತಿಯ ಪ್ಲಾಸ್ಟಿಕ್) ಪುಡಿ, ಮತ್ತೆ ರೋಡಮಿನ್ ಬಣ್ಣ ಸೇರಿಸಿದ ಅಕ್ರಿಲಿಕ್ ಕಣ.

ಹೊಸಬರು ಮೊದಲು ಕೇಳುವುದು ಸಾಂದ್ರತೆ. ಕಣ ಮುಳುಗುತ್ತದಾ, ಹರಿವಿನ ಜೊತೆ ಸರಿಯಾಗಿ ಹೋಗುತ್ತದಾ? ಲೆಕ್ಕ ಹಾಕಿ ನೋಡೋಣ. ಗಾಜಿನ ಗೋಲಿ 10 ಮೈಕ್ರಾನ್, ಸಾಂದ್ರತೆ ನೀರಿನ 1.1 ಪಟ್ಟು. ಸ್ಟೋಕ್ಸ್ ಸೂತ್ರದ ಪ್ರಕಾರ ಅದು ಸೆಕೆಂಡಿಗೆ 5.5 ಮೈಕ್ರಾನ್ ಇಳಿಯುತ್ತದೆ. ಪಾಲಿಅಮೈಡ್ 20 ಮೈಕ್ರಾನ್ ಇದ್ದರೂ ಸಾಂದ್ರತೆ 1.03 ಆದ್ದರಿಂದ ಸುಮಾರು 6.5 ಮೈಕ್ರಾನ್. ಬೆಳ್ಳಿಯದು 1.4 ಅಂದುಕೊಂಡರೆ 22 ಮೈಕ್ರಾನ್. ಹರಿವಿನ ವೇಗ 10 ಸೆಂ.ಮೀ. ಇರುವಾಗ ಇದೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ವೇಗ ಬದಲಾದಾಗ ಕಣ ಹೊಂದಿಕೊಳ್ಳಲು ಬೇಕಾಗುವುದು ಮೈಕ್ರೋಸೆಕೆಂಡುಗಳು, ಸುಳಿ ತಿರುಗುವುದು ಸೆಕೆಂಡುಗಳ ಲೆಕ್ಕದಲ್ಲಿ. ನಮ್ಮಂಥ ನಿಧಾನ ಹರಿವಿನಲ್ಲಿ ನಾಲ್ಕೂ ಪಾಸು.

ಹಾಗಾದರೆ ಆಯ್ಕೆ ನಿಲ್ಲುವುದು ಯಾವುದರ ಮೇಲೆ? ಕ್ಯಾಮೆರಾಗೆ ವಾಪಸ್ ಬರುವ ಬೆಳಕು, ಆಮೇಲೆ ತೂಕ, ಅಂದರೆ ಒಟ್ಟು ಎಷ್ಟು ಗ್ರಾಂ ಕಣ ಬೇಕು ಅನ್ನುವುದು.

ಬೆಳಕಿನ ವಿಷಯದಲ್ಲಿ ನೀರು ಸ್ವಲ್ಪ ಜಿಪುಣ. ಗಾಜಿನ ವಕ್ರೀಭವನ ಸೂಚ್ಯಂಕ 1.52, ನೀರಿನದು 1.33. ವ್ಯತ್ಯಾಸ ಕಡಿಮೆ, ಹಾಗಾಗಿ ಗಾಜು ಚೆದುರಿಸುವ ಬೆಳಕೂ ಕಡಿಮೆ. ಅದರ ಮೇಲೆ ಕ್ಯಾಮೆರಾ ಇಡುವುದು ಲೇಸರ್ ಹಾಳೆಗೆ 90 ಡಿಗ್ರಿಯಲ್ಲಿ. ಕಣ ಬೆಳಕನ್ನು ಜಾಸ್ತಿ ಎಸೆಯುವುದು ಮುಂದಕ್ಕೆ, ಪಕ್ಕಕ್ಕಲ್ಲ. ಪಲ್ಸ್ ಲೇಸರ್ ಇದ್ದಾಗ ಬರಿಯ ಗಾಜು ಸಾಕಾಯಿತು. ಅಗ್ಗದ ನಿರಂತರ ಲೇಸರ್ ಹಾಕಿದ ದಿನ ಚಿತ್ರ ಕತ್ತಲೆ. ಅದೇ ಲೇಸರಿಗೆ ಬೆಳ್ಳಿ ಕಣ ಹಾಕಿದರೆ ಚುಕ್ಕಿಗಳು ಎದ್ದು ಕಾಣುತ್ತವೆ. ಬೆಳ್ಳಿಯ ದುಡ್ಡು ಹುಟ್ಟುವುದು ಇಲ್ಲಿ ಮಾತ್ರ. ತೊಂದರೆ ಅಂದರೆ ಪಂಪ್ ನಿಲ್ಲಿಸಿ ಮನೆಗೆ ಹೋದರೆ ಅದು ಗಂಟೆಗೆ ಸುಮಾರು 8 ಸೆಂ.ಮೀ. ಇಳಿಯುತ್ತದೆ. ಬೆಳಿಗ್ಗೆ ಬಂದಾಗ ಎಲ್ಲ ತಳದಲ್ಲಿ. ಟನೆಲ್ ನೀರಿನಲ್ಲೇ ಬಹಳ ದಿನ ಬಿಟ್ಟರೆ ಹೊಳಪೂ ಮಾಸುತ್ತದೆ.

ಇನ್ನು ತೂಕ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪಿಐವಿಯಲ್ಲಿ ಚಿತ್ರವನ್ನು ಚಿಕ್ಕ ಚೌಕಗಳಾಗಿ ಹಂಚಿ ಒಂದೊಂದು ಚೌಕಕ್ಕೂ ವೇಗ ಲೆಕ್ಕ ಹಾಕುತ್ತೇವೆ; 32 ಪಿಕ್ಸೆಲ್ ಚೌಕದೊಳಗೆ ಹತ್ತಾದರೂ ಕಣ ಇರಬೇಕು ಅನ್ನುವುದು ರೂಢಿ. ನಮ್ಮ ಕ್ಯಾಮೆರಾ 10 ಸೆಂ.ಮೀ. ಅಗಲವನ್ನು 2048 ಪಿಕ್ಸೆಲ್‌ನಲ್ಲಿ ನೋಡುತ್ತದೆ, ಲೇಸರ್ ಹಾಳೆ 1 ಮಿ.ಮೀ. ದಪ್ಪ. ಅಂದರೆ ಒಂದು ಘನ ಮಿಲಿಮೀಟರಿಗೆ ನಾಲ್ಕು ಕಣ ಬೇಕು. 1000 ಲೀಟರಿಗೆ 400 ಕೋಟಿ! 10 ಮೈಕ್ರಾನ್ ಗಾಜಾದರೆ ಇದು ಬರೀ 2.3 ಗ್ರಾಂ. 20 ಮೈಕ್ರಾನ್ ಪಾಲಿಅಮೈಡ್ ಆದರೆ 17 ಗ್ರಾಂ. 50 ಮೈಕ್ರಾನಿನದು ಬೇಕೆಂದರೆ ಸುಮಾರು 270 ಗ್ರಾಂ. ವ್ಯಾಸ ಏರಿದಂತೆ ತೂಕ ಅದರ ಘನದಷ್ಟು ಏರುತ್ತದೆ, ಬೆಳಕು ಏರುವುದು ಹೆಚ್ಚುಕಡಿಮೆ ವರ್ಗದಷ್ಟು. ಡಬ್ಬಿಯ ಮೇಲಿನ ಬೆಲೆ ನೋಡಿ ಪಾಲಿಅಮೈಡ್ ಅಗ್ಗ ಅನ್ನುವವರು ಈ ಗುಣಾಕಾರ ಮಾಡಿರುವುದಿಲ್ಲ. ಚಿಕ್ಕ ಗಾಜಿನ ತೊಟ್ಟಿಯಲ್ಲಿ ಪ್ರಯೋಗ ಮಾಡುವವರಿಗೆ ಮಾತ್ರ ಪಾಲಿಅಮೈಡ್ ನಿಜಕ್ಕೂ ಒಳ್ಳೆಯದು. 20 ಮೈಕ್ರಾನ್ ಕಣ ಚೆನ್ನಾಗಿ ಕಾಣುತ್ತದೆ, ಚಿತ್ರದಲ್ಲಿ ಎರಡು ಪಿಕ್ಸೆಲ್ ಅಗಲ ಸುಲಭವಾಗಿ ಸಿಗುತ್ತದೆ. ಒಂದೇ ಪಿಕ್ಸೆಲ್‌ಗೆ ಕುಗ್ಗಿದರೆ ಕಣ ಸರಿದ ದೂರದ ಅಂಕಿಗಳೆಲ್ಲ ಪೂರ್ಣ ಪಿಕ್ಸೆಲ್ ಸಂಖ್ಯೆಗಳ ಕಡೆ ವಾಲುತ್ತವೆ, ಅದು ಬೇರೆಯೇ ತಲೆನೋವು.

ಪಾಲಿಅಮೈಡ್ ಪುಡಿಯನ್ನು ಸುಮ್ನೆ ನೀರಿಗೆ ಸುರಿದರೆ ಗೋಧಿಹಿಟ್ಟಿನ ಹಾಗೆ ಗಂಟುಕಟ್ಟಿ ಮೇಲೆ ತೇಲುತ್ತದೆ. ಒಂದು ಬಾಟಲಿ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ, ಚೆನ್ನಾಗಿ ಕುಲುಕಿ, ಆಮೇಲೆ ಸೇರಿಸಬೇಕು. ಗಾಜಿನ ಗೋಲಿಗೆ ಇನ್ನೊಂದು ಉಪಾಯ: ಕಲಸಿ ಸ್ವಲ್ಪ ಹೊತ್ತು ಬಿಡಿ. ಅತಿ ಹಗುರವಾದವು ಮೇಲೆ ಬರುತ್ತವೆ, ಒಡೆದವು ತಳ ಸೇರುತ್ತವೆ. ನಡುವಿನ ನೀರನ್ನಷ್ಟೇ ಟನೆಲ್‌ಗೆ ಹಾಕಿ. ಒಣ ಪುಡಿ ತೂಗುವಾಗ ಮಾಸ್ಕ್ ಇರಲಿ.

ಗೆಳೆಯನೊಬ್ಬ ರಂಗೋಲಿ ಪುಡಿ ಸಾಲದಾ ಅಂದ. ಬಿಳಿಕಲ್ಲಿನ ಪುಡಿಯ ಸಾಂದ್ರತೆ 2.65. 50 ಮೈಕ್ರಾನ್ ತುಣುಕು ಸೆಕೆಂಡಿಗೆ 2 ಮಿ.ಮೀ. ಮುಳುಗುತ್ತದೆ. ಲೇಸರ್ ಹಾಳೆ ಹೊಂದಿಸಿ ನೋಡಲು ಪರವಾಗಿಲ್ಲ, ಅಳತೆಗೆ ಬೇಡ.

ರೋಡಮಿನ್ ಕಣದ ಆಟವೇ ಬೇರೆ. ಅದು ಹಸಿರು ಬೆಳಕನ್ನು ನುಂಗಿ ಕಿತ್ತಳೆ ಬೆಳಕು ಕೊಡುತ್ತದೆ. ಹಸಿರನ್ನು ತಡೆಯುವ ಫಿಲ್ಟರ್ ಕ್ಯಾಮೆರಾಗೆ ಹಾಕಿದರೆ ಸಿಲಿಂಡರ್ ಮೈಯಿಂದ ಬರುವ ಹೊಳಪು ಮಾಯ, ಗುಳ್ಳೆಗಳೂ ಮಾಯ, ಕಣ ಮಾತ್ರ ಉಳಿಯುತ್ತದೆ. ಗೋಡೆಯ ಪಕ್ಕದ ತೆಳು ಪದರ ಅಳೆಯಲು ಇದರಷ್ಟು ಹಿಡಿಸಿದ್ದು ನನಗೆ ಬೇರೆ ಇಲ್ಲ. ಆದರೆ ಬೆಳಕು ಮಂದ, ಬೆಲೆ ವಿಪರೀತ, 1000 ಲೀಟರಿಗೆ ಹಾಕುವ ಮಾತೇ ಇಲ್ಲ. ದೊಡ್ಡ ಟನೆಲ್ ಇದ್ದವರು ಇದನ್ನೇ ತಿರುಗಿಸಿ ಮಾಡಬಹುದು: ರೋಡಮಿನ್ ಬಣ್ಣವನ್ನು ಸಿಲಿಂಡರಿಗೆ ಬಳಿದು, ನೀರಿಗೆ ಸಾದಾ ಗಾಜು ಹಾಕಿ, ಕ್ಯಾಮೆರಾಗೆ 532 ಮಾತ್ರ ಬಿಡುವ ಫಿಲ್ಟರ್ ಹಾಕಿ. ಗೋಡೆ ಕಿತ್ತಳೆಯಾಗಿ ಹೊಳೆಯುತ್ತದೆ, ಫಿಲ್ಟರ್ ಅದನ್ನು ತಡೆಯುತ್ತದೆ. ಹೊಳಪು ಪೂರ್ತಿ ಹೋಗುವುದಿಲ್ಲ, ಆದರೆ ಖರ್ಚು ನೋಡಿದರೆ ಇದೇ ವಾಸಿ ಅಲ್ವಾ?

ಗಾಳಿಯಲ್ಲಿ ಅಳೆಯುವವರಿಗೆ ಈ ಪಟ್ಟಿ ಕೆಲಸಕ್ಕೆ ಬಾರದು. ಅಲ್ಲಿ ಇಂಥ ಕಣಗಳೆಲ್ಲ ಗಾಳಿಗಿಂತ ನೂರಾರು ಪಟ್ಟು ಭಾರ, ಆದ್ದರಿಂದ ಸಾಮಾನ್ಯವಾಗಿ 1 ಮೈಕ್ರಾನ್ ಸುಮಾರಿನ ಎಣ್ಣೆ ಹನಿ ಬೇಕು. ಡಿಇಎಚ್‌ಎಸ್ ಎಂಬ ಕೃತಕ ಎಣ್ಣೆ ಅಥವಾ ಆಲಿವ್ ಎಣ್ಣೆ, ಅದನ್ನು ಸಣ್ಣ ಹನಿಗಳಾಗಿಸುವ ಲ್ಯಾಸ್ಕಿನ್ ನಾಜಲ್‌ನಿಂದ. ಬೆಂಕಿಯ ಪ್ರಯೋಗವಾದರೆ ಎಣ್ಣೆ ಉರಿದುಹೋಗುತ್ತದೆ, ಟೈಟಾನಿಯಂ ಡೈಆಕ್ಸೈಡ್ ಪುಡಿಗೆ ಹೋಗಬೇಕು.

ನಮ್ಮ ಟನೆಲ್‌ನಲ್ಲಿ ಈಗ ದಿನನಿತ್ಯ ಓಡುತ್ತಿರುವುದು 10 ಮೈಕ್ರಾನ್ ಸಾದಾ ಗಾಜು. ರೋಡಮಿನ್ ಡಬ್ಬಿ ಚಿಕ್ಕ ತೊಟ್ಟಿಯ ಕೆಲಸಕ್ಕೆ ಮಾತ್ರ ತೆರೆಯುತ್ತೇವೆ. ಕಣ ಯಾವುದೇ ಇರಲಿ, ನಲ್ಲಿಯ ಹೊಸ ನೀರು ತುಂಬಿದ ದಿನವೇ ಅಳೆಯಬೇಡಿ. ಕರಗಿದ ಗಾಳಿ ಗುಳ್ಳೆಯಾಗಿ ಹೊರಬರಲು ಒಂದು ರಾತ್ರಿ ಬಿಡಿ.