ಕರ್ಜತ್‌ನ ಶ್ರದ್ಧಾ ಕೇಂದ್ರ: ಬೀದಿಪಾಲಾದ ಮನೋರೋಗಿಗಳನ್ನು ಊರಿಗೆ ಮುಟ್ಟಿಸುವ ಸೇವೆ

ಮನೋರೋಗದಿಂದ ದಿಕ್ಕುತಪ್ಪಿ ಮುಂಬಯಿಯ ಬೀದಿಗಳಲ್ಲಿ ಅಲೆಯುವವರಿಗೆ ಉಚಿತವಾಗಿ ಚಿಕಿತ್ಸೆ ನೀಡಿ, ಅವರ ಮನೆಯವರನ್ನು ಹುಡುಕಿ, ಊರಿನವರೆಗೂ ಕರೆದೊಯ್ದು ಒಪ್ಪಿಸುವ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನದ ಸೇವೆಯ ಬಗ್ಗೆ ಇಲ್ಲಿನ ಕನ್ನಡಿಗರಿಗೆ ತಿಳಿದಿರಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಮನೋವೈದ್ಯ ದಂಪತಿಗಳಾದ ಡಾ. ಭರತ್ ವಾಟ್ವಾನಿ ಮತ್ತು ಡಾ. ಸ್ಮಿತಾ ವಾಟ್ವಾನಿ 1988ರಲ್ಲಿ ಈ ಸಂಸ್ಥೆಯನ್ನು ಆರಂಭಿಸಿದರು. ತೆಂಗಿನ ಚಿಪ್ಪಿನಲ್ಲಿ ಚರಂಡಿಯ ನೀರನ್ನು ಎತ್ತಿ ಕುಡಿಯುತ್ತಿದ್ದ ತರುಣನೊಬ್ಬನನ್ನು ಕರೆತಂದು ಅವರು ಚಿಕಿತ್ಸೆ ಕೊಟ್ಟರು. ಆತ ಆಂಧ್ರದ ಪದವೀಧರನೆಂಬುದು ಗುಣವಾದ ಮೇಲೆ ತಿಳಿಯಿತು. ಅಲ್ಲಿಂದ ಬೆಳೆದ ಕೆಲಸ 2006ರಲ್ಲಿ ಮುಂಬಯಿ ಸಮೀಪದ ಕರ್ಜತ್‌ನ ವಿಶಾಲ ಆವರಣಕ್ಕೆ ಸ್ಥಳಾಂತರಗೊಂಡಿತು. 2018ರಲ್ಲಿ ಡಾ. ಭರತ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಪ್ರಶಸ್ತಿಗಿಂತ ನನಗೆ ಮುಖ್ಯವಾಗಿ ಕಂಡದ್ದು, ಇಲ್ಲಿಗೆ ಬಂದವರನ್ನು ಜೀವನವಿಡೀ ಸಾಕಬೇಕಾದ ಅನಾಥರೆಂದು ಭಾವಿಸದೆ, ಮನೆಯಿರುವವರೆಂದೇ ಕಾಣುವ ದೃಷ್ಟಿ. ಊಟ, ಬಟ್ಟೆ, ಹಾಸಿಗೆ ಕೊಡುವ ಆಶ್ರಮಗಳು ಅನೇಕ ಇವೆ, ಅವುಗಳ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗುಣವಾಗುವ ಕಾಯಿಲೆಗೆ ಔಷಧ ಕೊಡದೆ, ಊರು ಯಾವುದೆಂದು ಕೇಳದೆ, ಒಬ್ಬ ಮನುಷ್ಯನನ್ನು ಗೋಡೆಯ ಒಳಗೆ ವರ್ಷಗಟ್ಟಲೆ ಕೂರಿಸಿದರೆ ಅದನ್ನು ರಕ್ಷಣೆ ಎನ್ನಲಾಗದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇದನ್ನೇ ಹೇಳುತ್ತದೆ. ನಿರ್ಗತಿಕರಿಗೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ ಚಿಕಿತ್ಸೆ 18ನೆಯ ಕಲಮಿನ ಹಕ್ಕು. ಸಮಾಜದಿಂದ ಬೇರ್ಪಡದೆ ಬಾಳುವುದು 19ನೆಯ ಕಲಮಿನ ಹಕ್ಕು. ಸರಪಳಿಯಲ್ಲಿ ಕಟ್ಟಿಹಾಕುವುದನ್ನು 95ನೆಯ ಕಲಮು ನಿಷೇಧಿಸುತ್ತದೆ.

ನಮ್ಮ ಭಾಗದ ರೈಲು ನಿಲ್ದಾಣವೊಂದರ ಬಳಿ ಬಹುಕಾಲದಿಂದ ಮಲಗುತ್ತಿದ್ದ, ಉತ್ತರ ಕರ್ನಾಟಕದ ಮಾತನಾಡುವ ಹಿರಿಯರೊಬ್ಬರ ಸಲುವಾಗಿ ಈ ಸೇವೆಯ ಸಂಪರ್ಕ ನಮಗಾಯಿತು. ಪಕ್ಕದ ಉಡುಪಿ ಹೋಟೆಲಿನ ಹುಡುಗರು ಅವರಿಗೆ ದಿನವೂ ಇಡ್ಲಿ, ಚಹಾ ಕೊಡುತ್ತಿದ್ದರು. ಆ ಹಿರಿಯರ ಹೆಸರನ್ನಾಗಲಿ ಊರನ್ನಾಗಲಿ ಬರೆಯುವುದಿಲ್ಲ, ಏಕೆಂದರೆ ಕಾಯಿಲೆಯ ವಿವರ ಗೋಪ್ಯವಾಗಿರುವುದೂ ರೋಗಿಯ ಹಕ್ಕು. ತೊಡಕಾದದ್ದು ಪೊಲೀಸ್ ಠಾಣೆಯಲ್ಲಿ; ಇಂಥವರಿಗೆಲ್ಲ ದಾಖಲೆ ಏಕೆಂದು ಅಲ್ಲಿ ಕೇಳಿದರು. ಹೀಗೆ ಅಲೆಯುವವರನ್ನು ಲಾಕಪ್ಪಿನಲ್ಲಿ ಇಡದೆ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಕರೆದೊಯ್ಯಬೇಕು, ಮನೆಯಿಲ್ಲದವರಾಗಿದ್ದರೆ ಕಾಣೆಯಾದವರ ಪ್ರಕರಣ ದಾಖಲಿಸಿ ಕುಟುಂಬವನ್ನು ಪತ್ತೆಹಚ್ಚಬೇಕು ಎಂದು ಅದೇ ಕಾಯ್ದೆಯ 100ನೆಯ ಕಲಮು ಪೊಲೀಸರಿಗೇ ಹೊಣೆ ಹೊರಿಸಿದೆ. ಆ ಕಲಮಿನ ಪ್ರತಿಯನ್ನು ಮೇಜಿನ ಮೇಲಿಟ್ಟ ನಂತರವೇ ಕೆಲಸ ಮುಂದುವರಿಯಿತು.

ಚಿಕಿತ್ಸೆಯಿಂದ ಮನಸ್ಸು ತಿಳಿಯಾದಂತೆ ಆ ಹಿರಿಯರ ಮಾತಿಗೆ ಹುರುಳು ಬಂತು. ವಿಳಾಸ ಕೇಳಿದರೆ ತಬ್ಬಿಬ್ಬಾಗುತ್ತಿದ್ದವರು, ಸಂತೆ ಯಾವ ವಾರ, ಜಾತ್ರೆ ಯಾವ ದೇವರದು, ಬಸ್ಸು ಎಲ್ಲಿ ಇಳಿಸುತ್ತದೆ ಎಂದು ಕನ್ನಡದಲ್ಲಿ ಕೇಳಿದಾಗ ಒಂದೊಂದಾಗಿ ಹೇಳತೊಡಗಿದರು. ಈ ತಾಳ್ಮೆಯ ವಿಚಾರಣೆಯೇ ಈ ಸೇವೆಯ ಜೀವಾಳವೆಂದು ನನ್ನ ಅಭಿಪ್ರಾಯ. ಬೇರೆ ರಾಜ್ಯದವರನ್ನೂ ಸಂಸ್ಥೆಯ ಕಾರ್ಯಕರ್ತರು ಜೊತೆಯಲ್ಲಿ ಪ್ರಯಾಣಿಸಿ ಮನೆಗೇ ತಲುಪಿಸುತ್ತಾರೆ. ಟಿಕೆಟ್ ಕೊಟ್ಟು ರೈಲು ಹತ್ತಿಸಿ ಕೈತೊಳೆದುಕೊಳ್ಳುವುದಿಲ್ಲ.

ಆದರೂ ಕಷ್ಟದ ಭಾಗ ಆರಂಭವಾಗುವುದು ಊರು ಮುಟ್ಟಿದ ಮೇಲೆ. ಮಾತ್ರೆ ನಿಂತರೆ ಕಾಯಿಲೆ ಮರುಕಳಿಸಬಹುದು, ಮತ್ತೆ ಮನೆ ಬಿಡುವ ಅಪಾಯವೂ ಇದೆ. ಅಷ್ಟು ದೂರದಿಂದ ಪ್ರತಿ ಹಳ್ಳಿಯ ಮೇಲೂ ಕಣ್ಣಿಡುವುದು ಯಾವ ಸಂಸ್ಥೆಗೂ ಸುಲಭವಲ್ಲ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ತಪಾಸಣೆಗೆ ಏರ್ಪಾಡಿದೆ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಸಲಹೆ ದೊರೆಯುತ್ತದೆ. ಇವೆರಡನ್ನೂ ಮನೆಯವರಿಗೆ ಮೊದಲೇ ತಿಳಿಸಿಡಬೇಕು. ಮನೆಯವರು ಸ್ವೀಕರಿಸಲು ಒಪ್ಪದಿದ್ದರೆ? ತ್ಯಜಿಸಲ್ಪಟ್ಟವರಿಗೆ ಕಾನೂನು ನೆರವು ನೀಡುವುದು ಮತ್ತು ಸಮುದಾಯದ ನಡುವೆ ವಸತಿಗೃಹಗಳನ್ನು ಒದಗಿಸುವುದು ಸರ್ಕಾರದ ಕರ್ತವ್ಯವೆಂದು 19ನೆಯ ಕಲಮು ಸ್ಪಷ್ಟವಾಗಿ ಹೇಳಿದೆ, ಅಂಥ ಮನೆಗಳು ಮಾತ್ರ ಬೇಕಾದಷ್ಟು ಇಲ್ಲ. ಆ ಕೊರತೆಯನ್ನು ದಾನಿಗಳ ಹಣದಿಂದ ನಡೆಯುವ ಒಂದು ಕೇಂದ್ರದ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ.

ಯಾರನ್ನಾದರೂ ಸೇರಿಸಬೇಕೆಂದಿರುವವರು ಹಾಸಿಗೆ ಇದೆಯೇ ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿಕೊಳ್ಳಿ, ಠಾಣೆಯ ದಾಖಲೆಯ ಪ್ರತಿಯನ್ನು ಕೈಯಲ್ಲಿಟ್ಟುಕೊಳ್ಳಿ, ಬಲವಂತದಿಂದ ಎಳೆದೊಯ್ಯಬೇಡಿ. ಕಲಬುರಗಿ, ವಿಜಯಪುರದ ಕಡೆಯ ಮಾತು ಬಲ್ಲವರು ರೋಗಿಯ ಊರು ಪತ್ತೆಮಾಡಲು ನೆರವಾಗುವುದಾಗಿ ಸಂಸ್ಥೆಗೆ ತಿಳಿಸಿದರೆ, ದೇಣಿಗೆಯಷ್ಟೇ ಅದೂ ಉಪಯೋಗಕ್ಕೆ ಬರುತ್ತದೆ.