ಪೆನಾಂಗ್, ಇಪೋ, ಕ್ವಾಲಾಲಂಪುರ: ನಿವೃತ್ತರಿಗೆ ಯಾವ ಊರು?

ಮಗಳು ಸಿಂಗಪುರದಲ್ಲಿದ್ದಾಳೆ. ಅಲ್ಲಿ ಹೆತ್ತವರು ಕಾಯಂ ಆಗಿ ನೆಲೆಸುವುದು ಸುಲಭವಲ್ಲ, ಮನೆ ಬಾಡಿಗೆಯಂತೂ ಪಿಂಚಣಿದಾರರ ಕೈಗೆ ಎಟುಕುವಂಥದ್ದಲ್ಲ. ಪಕ್ಕದ ಮಲೇಷ್ಯಾದಲ್ಲಿ ಒಂದು ಊರು ಹಿಡಿಯೋಣ ಎಂಬ ಮಾತು ಹಾಗೆ ಶುರುವಾಯಿತು. ಯಾರೋ ಬರೆದ 'ಅತ್ಯುತ್ತಮ ಹತ್ತು ನಗರಗಳು' ಪಟ್ಟಿಯನ್ನು ನಂಬಿ ಮೈಸೂರಿನ ಮನೆಗೆ ಬೀಗ ಹಾಕುವ ಧೈರ್ಯ ನನಗಿರಲಿಲ್ಲ. 2023ರ ಡಿಸೆಂಬರ್‌ನಿಂದ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಮಲೇಷ್ಯಾ ಮೂವತ್ತು ದಿನಗಳ ಮಟ್ಟಿಗೆ ವೀಸಾ ಇಲ್ಲದೆ ಪ್ರವೇಶ ಕೊಡುತ್ತಿದೆ. ಆ ಅನುಕೂಲ ಬಳಸಿಕೊಂಡು, ಬೇರೆ ಬೇರೆ ಕಾಲದಲ್ಲಿ ಹೋಗಿ, ಮೂರು ಊರುಗಳಲ್ಲಿ ಮನೆ ಹಿಡಿದು ಸಂಸಾರ ಮಾಡಿ ನೋಡಿದೆವು. ನೋಡಬೇಕಾದ ಸ್ಥಳಗಳ ಗೋಜಿಗೆ ಹೆಚ್ಚು ಹೋಗಲಿಲ್ಲ. ಹಾಲು ಎಲ್ಲಿ ಸಿಗುತ್ತದೆ, ಸಕ್ಕರೆ ಕಾಯಿಲೆಯ ಮಾತ್ರೆಗೆ ಎಷ್ಟು ದೂರ ನಡೆಯಬೇಕು, ಮಳೆ ಬಂದರೆ ಮನೆ ಸೇರುವುದು ಹೇಗೆ, ನಮ್ಮ ಗಮನವೆಲ್ಲ ಇದರ ಮೇಲೆಯೇ ಇತ್ತು.

ಇವತ್ತು ನಾವಿಬ್ಬರೂ ಗಟ್ಟಿಯಾಗಿದ್ದೇವೆ. ಇನ್ನು ಕೆಲವು ವರ್ಷಕ್ಕೆ ಕಾರು ಓಡಿಸಲಾಗದ ದಿನ ಬರುತ್ತದೆ. ಆಮೇಲೆ ಇಬ್ಬರಲ್ಲಿ ಒಬ್ಬರೇ ಉಳಿಯುವ ದಿನವೂ ಬರುತ್ತದೆ. ಆ ಎರಡು ದಿನಗಳನ್ನು ಮುಂದಿಟ್ಟುಕೊಂಡೇ ಊರನ್ನು ಅಳೆಯಬೇಕು ಎಂಬುದು ನನ್ನ ಹಟ. ಯಜಮಾನರಿಗೆ ಈ ಮಾತು ಮೊದಮೊದಲು ಹಿಡಿಸಲಿಲ್ಲ. ಅವರು ಗಾಳಿ, ಬೆಟ್ಟ, ಖರ್ಚು ಇವುಗಳ ಲೆಕ್ಕದಲ್ಲಿದ್ದರು.

ಮೊದಲು ಹಣದ ಮಾತು ಮುಗಿಸಿಬಿಡುತ್ತೇನೆ, ಏಕೆಂದರೆ ಅನೇಕರ ಕನಸು ಇಲ್ಲಿಗೇ ನಿಲ್ಲುತ್ತದೆ. ವಿದೇಶಿಯರಿಗೆ ದೀರ್ಘಾವಧಿ ವಾಸಕ್ಕೆ ಮಲೇಷ್ಯಾ ಕೊಡುವ 'ಮಲೇಷ್ಯಾ ನನ್ನ ಎರಡನೇ ಮನೆ' ಯೋಜನೆಯ ನಿಯಮಗಳು 2024ರಲ್ಲಿ ಬದಲಾದವು. ಈಗ ಅದರ ಬೆಳ್ಳಿ ದರ್ಜೆಗೇ ಒಂದೂವರೆ ಲಕ್ಷ ಅಮೆರಿಕನ್ ಡಾಲರ್ ಠೇವಣಿ ಇಡಬೇಕು, ಜೊತೆಗೆ ಕನಿಷ್ಠ ಆರು ಲಕ್ಷ ರಿಂಗಿಟ್ ಬೆಲೆಯ ಮನೆ ಕೊಳ್ಳಬೇಕು. ರಿಂಗಿಟ್ ಒಂದಕ್ಕೆ ಇಪ್ಪತ್ತು ರೂಪಾಯಿ ಎಂದು ಇಟ್ಟುಕೊಂಡರೂ ಮನೆಗೇ ಒಂದು ಕೋಟಿ ಇಪ್ಪತ್ತು ಲಕ್ಷ ಆಯಿತು. ಭಾರತದಿಂದ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೊರಗೆ ಕಳಿಸಬಹುದಾದ ಮಿತಿ ಎರಡೂವರೆ ಲಕ್ಷ ಡಾಲರ್. ಗಂಡ ಹೆಂಡತಿ ಇಬ್ಬರ ಮಿತಿಯನ್ನೂ ಬಳಸಿದರೆ ಲೆಕ್ಕ ಕೂಡುತ್ತದೆ. ಹತ್ತು ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇಕಡ 20ರಷ್ಟು ತೆರಿಗೆ ಹಿಡಿಯುತ್ತದೆ; ಅದನ್ನು ವರ್ಷದ ಕೊನೆಗೆ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಕೈಯಿಂದ ಕಟ್ಟಿರಲೇಬೇಕು. ಬೆಂಗಳೂರಿನಲ್ಲಿ ಒಂದು ನಿವೇಶನ ಮಾರಿದವರಿಗೆ ಇದು ಆಗುವ ಮಾತು. ಬರಿಯ ಪಿಂಚಣಿಯನ್ನು ನಂಬಿದವರಿಗೆ ವರ್ಷಕ್ಕೆ ಒಂದೆರಡು ಸಲ ಬಂದು ತಿಂಗಳಿದ್ದು ಹೋಗುವುದೇ ಸರಿ, ಅದರಲ್ಲಿ ಕೊರತೆಯೇನೂ ಇಲ್ಲ.

ಮನೆ ಕೊಳ್ಳುವುದು ಕಡ್ಡಾಯವಾದ ಮೇಲೆ ಊರಿನ ಆಯ್ಕೆಯ ತೂಕವೂ ಹೆಚ್ಚಾಯಿತು. ಬಾಡಿಗೆ ಮನೆಯಾದರೆ ಬೇಡವೆನಿಸಿದಾಗ ಖಾಲಿ ಮಾಡಬಹುದು. ಕೊಂಡ ಮನೆಯನ್ನು ಹಾಗೆ ಬಿಟ್ಟು ಬರಲಾಗುವುದಿಲ್ಲ.

ಕ್ವಾಲಾಲಂಪುರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನಿಂದ ನೇರ ವಿಮಾನ, ಸುಮಾರು ನಾಲ್ಕು ಗಂಟೆಯ ಹಾದಿ. ಬ್ರಿಕ್‌ಫೀಲ್ಡ್ಸ್‌ನಲ್ಲಿ ಇಳಿದುಕೊಂಡರೆ ಬಾಳೆಲೆ ಊಟ, ಹೂವಿನಂಗಡಿ, ದೇವಸ್ಥಾನ, ಪಕ್ಕದಲ್ಲೇ ಇಡೀ ದೇಶಕ್ಕೆ ರೈಲು ಹೊರಡುವ ದೊಡ್ಡ ನಿಲ್ದಾಣ. ನಗರದೊಳಗಿನ ರೈಲುಗಳು ನಿಜಕ್ಕೂ ಚೆನ್ನಾಗಿವೆ. ಆದರೆ ರೈಲು ನಿಲ್ದಾಣದಿಂದ ಮನೆಯವರೆಗಿನ ಅರ್ಧ ಕಿಲೋಮೀಟರು ಹೆದ್ದಾರಿ, ಮೇಲ್ಸೇತುವೆ, ಮೆಟ್ಟಿಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಮಂಡಿ ನೋವಿನವರು ಆ ಮೆಟ್ಟಿಲುಗಳ ಮುಂದೆ ನಿಂತು ಯೋಚಿಸುವುದನ್ನು ದಿನವೂ ಕಂಡೆ. ದುಡಿಯುವವರ ಊರು ಅದು. ದುಡಿಮೆ ಮುಗಿಸಿದವರಿಗೆ ಅಲ್ಲಿ ಹಗಲು ಬಹಳ ಉದ್ದವಾಗುತ್ತದೆ.

ಇಪೋಗೆ ಬಂದಾಗ ಯಜಮಾನರ ಮುಖವೇ ಅರಳಿತು. ಕ್ವಾಲಾಲಂಪುರದಿಂದ ವೇಗದ ರೈಲಿನಲ್ಲಿ ಎರಡೂವರೆ ಗಂಟೆ. ಬಿಳಿಯ ಗುಮ್ಮಟದ ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೆ ಮರಗಳು, ಅಗಲ ರಸ್ತೆ, ಅವಸರವಿಲ್ಲದ ಜನ. ಊರಿನ ಸುತ್ತ ಸುಣ್ಣಕಲ್ಲಿನ ಗುಡ್ಡಗಳು ನೆಲದಿಂದ ನೇರವಾಗಿ ಎದ್ದು ನಿಂತಿವೆ, ಅವುಗಳ ಗವಿಗಳಲ್ಲಿ ಚೀನೀ ದೇವಾಲಯಗಳಿವೆ. ಕೆಕ್ ಲೋಕ್ ತೋಂಗ್ ಗವಿಯ ಮುಂಬಾಗಿಲಲ್ಲಿ ಹೊಕ್ಕು ಹಿಂಬಾಗಿಲಲ್ಲಿ ಹೊರಬಂದರೆ ಕೆರೆ, ಅದರ ಸುತ್ತ ತೋಟ, ನಡೆಯಲು ಸಮತಟ್ಟಾದ ದಾರಿ. ಬೆಳಿಗ್ಗೆ ಅಲ್ಲಿ ನಡೆಯುವವರಲ್ಲಿ ಹೆಚ್ಚಿನವರು ನಮ್ಮ ವಯಸ್ಸಿನವರೇ.

ಊರು ಹೀಗೆ ನಿಧಾನವಾಗಿರುವುದಕ್ಕೆ ಕಾರಣವಿದೆ. ಕಿಂತಾ ಕಣಿವೆಯ ತವರದ ಗಣಿಗಳಿಂದ ಇಪೋ ಒಂದು ಕಾಲದಲ್ಲಿ ಸಿರಿವಂತ ಊರಾಗಿತ್ತು. 1985ರಲ್ಲಿ ಜಗತ್ತಿನ ತವರದ ಮಾರುಕಟ್ಟೆ ಕುಸಿದಾಗ ಗಣಿಗಳು ಮುಚ್ಚಿದವು, ಹುಡುಗರು ಕೆಲಸ ಹುಡುಕಿಕೊಂಡು ಕ್ವಾಲಾಲಂಪುರ, ಸಿಂಗಪುರ ಸೇರಿದರು. ದೊಡ್ಡ ಮನೆಗಳು ಉಳಿದವು, ಅವುಗಳಲ್ಲಿ ಅಪ್ಪ ಅಮ್ಮ ಉಳಿದರು. ನಾವು ಹಿಡಿದದ್ದು ಅಂಥದೇ ಒಂದು ಮನೆ: ಮುಂದೆ ಅಂಗಳ, ಹಿಂದೆ ತೊಟ್ಟಿ, ಮೂರು ಮಲಗುವ ಕೋಣೆ. ತಿಂಗಳಿಗೆ 1,400 ರಿಂಗಿಟ್. ಪೆನಾಂಗಿನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟಿಗೆ 2,300 ಕೊಟ್ಟೆವು. ಪಕ್ಕದ ಮನೆಯ ಚೀನೀ ಅಜ್ಜಿ ತಾಂಬುನ್ ಕಡೆಯ ಚಕ್ಕೋತ ಕೊಟ್ಟು ಕಳಿಸಿದರು. ನಾನು ಪ್ರತಿಯಾಗಿ ಕೊಟ್ಟ ಪುಳಿಯೋಗರೆಯನ್ನು ಚಮಚದಲ್ಲಿ ರುಚಿ ನೋಡಿ ಪುಡಿ ಕೇಳಿ ಪಡೆದರು.

ಊಟದಲ್ಲೂ ಇಪೋ ನನಗೆ ಹಿಡಿಸಿತು. ಬುಂತೊಂಗ್ ಎಂಬ ಬಡಾವಣೆಯಲ್ಲಿ ತಮಿಳರು ತಲೆಮಾರುಗಳಿಂದ ಕುರುಕಲು ತಿಂಡಿಯ ಕಸುಬು ನಡೆಸಿದ್ದಾರೆ. ಬಿಸಿ ಬಾಣಲೆಯಿಂದ ಎತ್ತಿದ ಮುರುಕು, ಖಾರ ಹಚ್ಚಿದ ಕಡಲೆ, ಕರಿಬೇವು ಬೆರೆಸಿದ ಮಿಶ್ರಣ ಡಬ್ಬಗಳಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಅಂಗಡಿಯವರು ಮೊದಲು ಅಂಗೈಗೆ ಒಂದಿಷ್ಟು ಸುರಿದು ರುಚಿ ತೋರಿಸಿ ಆಮೇಲೆ ತೂಗುತ್ತಾರೆ. ನಮ್ಮ ಚಕ್ಕುಲಿ, ಖಾರಾಸೇವೆಗಳ ದಾಯಾದಿಗಳೇ ಅವು, ಎಣ್ಣೆ ಮಾತ್ರ ತುಸು ಹೆಚ್ಚು. ಇಪೋದ ಹೆಸರುವಾಸಿ ಬಿಳಿ ಕಾಫಿ ನನಗೆ ಸೇರಲಿಲ್ಲ. ಮಾರ್ಗರೀನ್ ಹಾಕಿ ಹುರಿದ ಬೀಜ, ಗಟ್ಟಿ ಸಿಹಿ ಹಾಲು. ಫಿಲ್ಟರ್ ಕಾಫಿ ಕುಡಿದು ಬೆಳೆದ ನಾಲಗೆಗೆ ಅದು ಸಿಹಿತಿಂಡಿ. ಪುಡಿಯನ್ನು ಊರಿನಿಂದಲೇ ಒಯ್ದಿದ್ದೆವು.

ಇಷ್ಟೆಲ್ಲ ಇದ್ದೂ ಇಪೋ ನನ್ನ ಪರೀಕ್ಷೆಯಲ್ಲಿ ಗೆಲ್ಲಲಿಲ್ಲ. ಅಲ್ಲಿ ಕಾರಿಲ್ಲದೆ ಬದುಕಿಲ್ಲ. ಬಸ್ಸುಗಳು ಕಡಿಮೆ, ಮನೆಯಿಂದ ತರಕಾರಿ ಮಾರುಕಟ್ಟೆಗೆ ನಡೆದು ಹೋಗುವಂತಿಲ್ಲ. ಮೊಬೈಲಿನಲ್ಲಿ ಕರೆದರೆ ಗ್ರ್ಯಾಬ್ ಕಾರು ಬರುತ್ತದೆ, ನಿಜ. ಆದರೆ ಮಧ್ಯಾಹ್ನದ ಗುಡುಗು ಮಳೆ ಶುರುವಾದ ಮೇಲೆ ಅದು ಬರುವುದು ತಡ, ದರವೂ ಏರುತ್ತದೆ. ಇಪೋದಲ್ಲಿ ಆ ಮಳೆ ಅಪರೂಪದ ಅತಿಥಿಯಲ್ಲ. ಇನ್ನೊಂದು ಪ್ರಸಂಗ. ಒಂದು ರಜಾದಿನ ಯಜಮಾನರ ಎಡಗಣ್ಣಿನಲ್ಲಿ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲತೊಡಗಿದವು. ಹತ್ತಿರದ ಖಾಸಗಿ ಆಸ್ಪತ್ರೆಗೆ ಓಡಿದೆವು. ತುರ್ತು ವಿಭಾಗದವರು ಸೌಜನ್ಯದಿಂದಲೇ ನೋಡಿದರು, ಆದರೆ ಅಕ್ಷಿಪಟಲದ ತಜ್ಞರು ವಾರದ ಗೊತ್ತಾದ ದಿನಗಳಲ್ಲಷ್ಟೇ ಬರುತ್ತಾರೆ, ಕಾಯಲಾಗದಿದ್ದರೆ ಪೆನಾಂಗಿಗೋ ಕ್ವಾಲಾಲಂಪುರಕ್ಕೋ ಹೋಗಿ ಎಂದರು. ಆ ದಿನ ಅವರು ಕಾರು ಓಡಿಸುವ ಸ್ಥಿತಿಯಲ್ಲಿರಲಿಲ್ಲ. ಪರದೇಶದ ಹೆದ್ದಾರಿಯಲ್ಲಿ ನಾನು ಓಡಿಸಲಾರೆ. ರೈಲು ಹಿಡಿದು ಬಟರ್‌ವರ್ತ್‌ಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಪೆನಾಂಗ್ ದ್ವೀಪಕ್ಕೆ ದಾಟಿ ತೋರಿಸಿದೆವು. ಕಣ್ಣಿಗೆ ಅಪಾಯವಿರಲಿಲ್ಲ. ಆದರೆ ಆ ರೈಲಿನಲ್ಲಿ ಕುಳಿತಾಗಲೇ ನನ್ನ ತೀರ್ಮಾನ ಆಗಿಹೋಗಿತ್ತು.

ಪೆನಾಂಗಿನಲ್ಲಿ ಆಸ್ಪತ್ರೆಯೆಂದರೆ ಒಂದು ಉದ್ಯಮವೇ. ಸುಮಾತ್ರಾದ ಮೇದಾನ್ ಕಡೆಯಿಂದ ಇಂಡೋನೇಷ್ಯಾದವರು ಚಿಕಿತ್ಸೆಗಾಗಿ ಅಲ್ಲಿಗೆ ವಿಮಾನ ಹತ್ತಿ ಬರುತ್ತಾರೆ. ಆದ್ದರಿಂದ ಸಣ್ಣ ದ್ವೀಪವಾದರೂ ತಜ್ಞರು ತುಂಬಿದ್ದಾರೆ. ನಾವಿದ್ದ ಪುಲಾವ್ ತಿಕುಸ್ ಬಡಾವಣೆಯಿಂದ ಎರಡು ದೊಡ್ಡ ಖಾಸಗಿ ಆಸ್ಪತ್ರೆಗಳು ನಡಿಗೆಯ ದೂರದಲ್ಲಿದ್ದವು. ಕಣ್ಣು ನೋಡಿದ ವೈದ್ಯರು ಪಾಸ್‌ಪೋರ್ಟಿನಲ್ಲಿ ಮೈಸೂರು ಎಂದು ಓದಿ, ತಲೆಯೆತ್ತಿ, "ಊಟ ಆಯಿತೇ?" ಎಂದು ಕನ್ನಡದಲ್ಲಿ ಕೇಳಿದರು. ಮಣಿಪಾಲದಲ್ಲಿ ಓದಿದವರು. ಮಲೇಷ್ಯಾದ ಮಕ್ಕಳು ವೈದ್ಯಕೀಯ ಓದಲು ಮಣಿಪಾಲಕ್ಕೆ ಬರುವುದು ಹಳೆಯ ಪರಿಪಾಠ. ಮೆಲಾಕಾ ಮಣಿಪಾಲ ಕಾಲೇಜು ಆದ ಮೇಲಂತೂ ಬಹುಕಾಲ ಅರ್ಧ ಓದು ಉಡುಪಿ ಜಿಲ್ಲೆಯಲ್ಲಿ, ಅರ್ಧ ಮಲೇಷ್ಯಾದಲ್ಲಿ ನಡೆಯುತ್ತಿತ್ತು. ಆ ವೈದ್ಯರಿಗೆ ನೆನಪಿದ್ದ ಕನ್ನಡ ಹತ್ತಾರು ಮಾತುಗಳಷ್ಟೇ, ಗೋಳಿಬಜೆ ಮಾತ್ರ ಚೆನ್ನಾಗಿ ನೆನಪಿತ್ತು. ಅಷ್ಟು ಸಾಕಾಯಿತು, ನನ್ನ ಎದೆಬಡಿತ ಇಳಿಯಿತು. ಖರ್ಚಿನ ಎಚ್ಚರಿಕೆ ಬೇಕು: ನಮ್ಮ ದೇಶದ ಸಾಮಾನ್ಯ ಆರೋಗ್ಯ ವಿಮೆ ಅಲ್ಲಿ ನಡೆಯುವುದಿಲ್ಲ. ಎಪ್ಪತ್ತರ ಮೇಲೆ ಹೊಸ ವಿಮೆ ಸಿಗುವುದು ಕಷ್ಟ, ಸಿಕ್ಕರೂ ಕಂತು ಭಾರಿ. ಆಸ್ಪತ್ರೆಗೆಂದೇ ಬೇರೆ ಠೇವಣಿ ಇಡದೆ ಯಾರೂ ಈ ಸಾಹಸಕ್ಕೆ ಇಳಿಯಬಾರದು.

ನಡೆಯುವ ವಿಷಯಕ್ಕೆ ಬಂದರೆ ಪೆನಾಂಗಿಗೂ ಪೂರ್ಣ ಅಂಕ ಕೊಡಲಾರೆ. 2008ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದ, ಪೆನಾಂಗಿನ ಮುಖ್ಯ ಪಟ್ಟಣ ಜಾರ್ಜ್‌ಟೌನಿನ ಹಳೆಯ ಬೀದಿಗಳಲ್ಲಿ ಅಂಗಡಿಸಾಲಿನ ಮುಂದೆ ಐದಡಿಯ ಜಗುಲಿ ಇದೆ. ಬಿಸಿಲು ಮಳೆ ತಾಗದಂತೆ ನಡೆಯಲೆಂದೇ ಕಟ್ಟಿದ್ದು. ಈಗ ಅದರ ಮೇಲೆ ಮೋಟಾರ್‌ಸೈಕಲ್, ಸಾಮಾನಿನ ಪೆಟ್ಟಿಗೆ, ಊಟದ ಮೇಜು. ಪ್ರತಿ ಹತ್ತು ಹೆಜ್ಜೆಗೆ ರಸ್ತೆಗಿಳಿದು ಮತ್ತೆ ಹತ್ತಬೇಕು. ಹಾಗಾಗಿ ಹಳೆಯ ಪಟ್ಟಣದೊಳಗೆ ಮನೆ ಬೇಡ ಎನ್ನುತ್ತೇನೆ; ಚೆಂದ ಕಾಣುತ್ತದೆ, ಮುದುಕರಿಗೆ ಹೇಳಿ ಮಾಡಿಸಿದ್ದಲ್ಲ. ಪುಲಾವ್ ತಿಕುಸ್‌ನಲ್ಲಿ ಬೆಳಗಿನ ಮಾರುಕಟ್ಟೆ, ಔಷಧಿ ಅಂಗಡಿ, ಬ್ಯಾಂಕು ಎಲ್ಲವೂ ಹತ್ತು ನಿಮಿಷದೊಳಗೆ ಸಿಗುತ್ತವೆ. ಒಂದೇ ಬೀದಿಯಲ್ಲಿ ಬರ್ಮೀಯರ ಬುದ್ಧ ವಿಹಾರ, ಅದರೆದುರು ಥಾಯ್ ವಿಹಾರದಲ್ಲಿ ಮಲಗಿದ ಬುದ್ಧ. ದೋಣಿಕಟ್ಟೆಯಿಂದ ಹೊರಡುವ 101ನೇ ಸಂಖ್ಯೆಯ ಬಸ್ಸು ಕಡಲ ದಂಡೆಯ ತಾಂಜುಂಗ್ ಬುಂಗಾ, ಬಾತು ಫೆರಿಂಗಿಗಳನ್ನು ದಾಟಿ ಹೋಗುತ್ತದೆ. ತಾಂಜುಂಗ್ ಬುಂಗಾದಲ್ಲಿ ಕಡಲು ಕಾಣುವ ಎತ್ತರದ ಅಪಾರ್ಟ್‌ಮೆಂಟುಗಳನ್ನು ನೋಡಿ ಯಜಮಾನರು ಮರುಳಾದರು. ಆದರೆ ಅವುಗಳಲ್ಲಿ ಹಲವು ಗುಡ್ಡದ ಇಳಿಜಾರಿನಲ್ಲಿವೆ, ಬಸ್ ನಿಲ್ದಾಣದಿಂದ ಏರಿ ಬರಬೇಕು. ಅದನ್ನು ಪಟ್ಟಿಯಿಂದ ನಾನೇ ತೆಗೆದೆ.

ಸಸ್ಯಾಹಾರಿಗಳಿಗೆ ಮೂರು ಊರುಗಳಲ್ಲೂ ಹಸಿವಿನ ಭಯವಿಲ್ಲ. ಸೊಪ್ಪಿನ ಪಲ್ಯದಲ್ಲೂ ಬೆಲಾಚಾನ್ ಎಂಬ ಸಿಗಡಿಯ ಪೇಸ್ಟ್ ಸೇರಿರುತ್ತದೆ, ಅದು ಬೇಡ ಎಂದು ಬಾಯಿಬಿಟ್ಟು ಹೇಳಬೇಕು. ಪೆನಾಂಗಿನ ವಿಶೇಷವೆಂದರೆ ಚೀನೀಯರ ಒಂಬತ್ತು ಚಕ್ರವರ್ತಿ ದೇವರ ಹಬ್ಬ. ಚಾಂದ್ರಮಾನದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ಭಕ್ತರು ಮಾಂಸ ಮುಟ್ಟುವುದಿಲ್ಲ, ಹಳದಿ ಬಾವುಟ ಕಟ್ಟಿದ ಸಸ್ಯಾಹಾರದ ಗಾಡಿಗಳು ಬೀದಿ ತುಂಬುತ್ತವೆ. ಆಗ ನಾವು ಏನನ್ನೂ ವಿಚಾರಿಸದೆ ತಿಂದೆವು.

ಇನ್ನು ಒಬ್ಬರೇ ಉಳಿಯುವ ದಿನದ ಮಾತು. ನನಗೆ ಬೆಂಗಳೂರಿನ ಬಾಲ್ಯದಿಂದ ತಮಿಳು ಬರುತ್ತದೆ, ಅದು ಪೆನಾಂಗಿನಲ್ಲಿ ಮಾರುಕಟ್ಟೆಯಿಂದ ದೇವಸ್ಥಾನದವರೆಗೆ ನಡೆಯುತ್ತದೆ. ಬರದವರಿಗೆ ಇಂಗ್ಲಿಷ್ ಸಾಕು. ಕ್ವೀನ್ ಬೀದಿಯ ಮಾರಿಯಮ್ಮನ ಗುಡಿ 1833ರದು. ಪೂಜೆ ಮುಗಿದ ಮೇಲೆ ಅಲ್ಲಿ ಕುಳಿತ ಹೆಂಗಸರು ಹೊಸಬರನ್ನು ತಾವಾಗಿ ಮಾತನಾಡಿಸುತ್ತಾರೆ. ತೈಪೂಸದ ಮುನ್ನಾದಿನ ಮುರುಗನ ರಥ ಸಾಗುವ ಹಾದಿಯಲ್ಲಿ ಚೀನೀ ಮೂಲದವರೂ ತೆಂಗಿನಕಾಯಿ ರಾಶಿ ಹಾಕಿ ಒಡೆಯುತ್ತಾರೆ. ರಸ್ತೆಯೆಲ್ಲ ಎಳನೀರು, ಚಿಪ್ಪು. ದೇವಸ್ಥಾನಗಳ ಜೊತೆಗೆ ಸ್ಮಶಾನದ ವ್ಯವಸ್ಥೆಯನ್ನೂ ನೋಡಿಕೊಳ್ಳುವ ಹಿಂದೂ ದತ್ತಿ ಮಂಡಳಿ ಪೆನಾಂಗಿನಲ್ಲಿದೆ. ಇಂಥದ್ದನ್ನು ಮೊದಲೇ ವಿಚಾರಿಸುವುದು ಅಪಶಕುನವೆಂದು ಕೆಲವರು ಭಾವಿಸುತ್ತಾರೆ. ಪರದೇಶದಲ್ಲಿ ಉಳಿದವರ ಕೈಗೆ ಕಷ್ಟವನ್ನು ಬಿಟ್ಟು ಹೋಗುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಪೆನಾಂಗಿನ ಕೊರತೆಗಳೂ ಇವೆ. ಸಂಜೆಯ ವಾಹನ ದಟ್ಟಣೆ ಉಸಿರು ಕಟ್ಟಿಸುತ್ತದೆ. 2025ರಲ್ಲಿ ನಗರ ರೈಲಿನ ಕಾಮಗಾರಿ ಆರಂಭವಾಗಿದೆ, ಅದು ಮುಗಿಯುವವರೆಗೆ ರಸ್ತೆ ಅಗೆತ ತಪ್ಪಿದ್ದಲ್ಲ. ಖರ್ಚು ಇಪೋಗಿಂತ ಎದ್ದು ಕಾಣುವಷ್ಟು ಹೆಚ್ಚು. ನಿಮಗೆ ಅರವತ್ತರ ಆಸುಪಾಸು, ಇಬ್ಬರಿಗೂ ಕಾರು ಓಡಿಸಲು ಬರುತ್ತದೆ, ಹಿಂದೊಂದು ತೋಟ ಬೇಕು ಎಂದರೆ ಇಪೋವನ್ನೇ ಹಿಡಿಯಿರಿ ಎಂದು ಧೈರ್ಯವಾಗಿ ಹೇಳುತ್ತೇನೆ. ನಮ್ಮ ಮಟ್ಟಿಗೆ ಪುಲಾವ್ ತಿಕುಸ್ ಗೊತ್ತಾಗಿದೆ, ಯಜಮಾನರೂ ಒಪ್ಪಿದ್ದಾರೆ. ವರ್ಷಕ್ಕೊಮ್ಮೆ ಇಪೋಗೆ ಹೋಗಿ ಬರುವ ಷರತ್ತಿನೊಂದಿಗೆ.

ಅಲ್ಲಿ ಮನೆ ನೋಡಲು ಹೋಗುವವರು ಮಧ್ಯಾಹ್ನ ಮೂರು ಗಂಟೆಗೆ ಹೋಗಬೇಕು. ಬೆಳಿಗ್ಗೆ ತಂಪಾಗಿ ಕಾಣುವ ಪಶ್ಚಿಮದ ಕೋಣೆ ಆ ಹೊತ್ತಿಗೆ ಕಾದಿರುತ್ತದೆ, ತಂಪುಯಂತ್ರದ ಬಿಲ್ಲು ಅದರಿಂದಲೇ ಏರುತ್ತದೆ. ಕಟ್ಟಡದಲ್ಲಿ ಎಷ್ಟು ಲಿಫ್ಟುಗಳಿವೆ, ಒಂದು ಕೆಟ್ಟರೆ ಇನ್ನೊಂದು ಓಡುತ್ತದೆಯೇ, ಆಂಬುಲೆನ್ಸಿನ ಮಂಚ ಅದರೊಳಗೆ ಹಿಡಿಸುತ್ತದೆಯೇ ಎಂದು ಕಾವಲುಗಾರನನ್ನೇ ಕೇಳಿ. ದಲ್ಲಾಳಿಗಿಂತ ಅವನಿಗೆ ಹೆಚ್ಚು ಗೊತ್ತಿರುತ್ತದೆ.