ಜೋಹರ್ ಓದಲು ಯಾವ ಅನುವಾದ? ನಾನಂತೂ ಮ್ಯಾಟ್ ಕಡೆ

ಯೆಹೂದಿ ಅನುಭಾವದ ಗ್ರಂಥ ಜೋಹರ್‌ಗೆ ಡೇನಿಯಲ್ ಮ್ಯಾಟ್ ಮಾಡಿದ ಇಂಗ್ಲಿಷ್ ಅನುವಾದದ 9ನೇ ಸಂಪುಟ ಈಗ ನನ್ನ ದಿಂಬಿನ ಪಕ್ಕದಲ್ಲೇ ಇರುತ್ತದೆ. ಇದನ್ನೇ ಮೊದಲು ಕೊಳ್ಳಬೇಕಿತ್ತು.

ನಾನು ಮೊದಲು ಕೊಂಡದ್ದು 1930ರ ದಶಕದ ಐದು ಸಂಪುಟಗಳ ಹಳೆಯ ಇಂಗ್ಲಿಷ್ ಅನುವಾದ. ಸೆಕೆಂಡ್ ಹ್ಯಾಂಡ್, ಅಗ್ಗಕ್ಕೆ ಸಿಕ್ಕಿತು. ಭಾಷೆ ಸರಾಗ, ಟಿಪ್ಪಣಿ ಕಡಿಮೆ. ತಿಂಗಳುಗಟ್ಟಲೆ ಖುಷಿಯಿಂದ ಓದಿದೆ.

ಜೋಹರ್ ತೋರಾದ, ಅಂದರೆ ಬೈಬಲಿನ ಮೊದಲ ಐದು ಪುಸ್ತಕಗಳ, ವ್ಯಾಖ್ಯಾನ ನಿಜ, ಆದರೆ ಅದು ಬರುವುದು ಗುರು-ಶಿಷ್ಯರ ಕಥೆಯಾಗಿ. ರಬ್ಬಿ (ಯೆಹೂದಿ ಧರ್ಮಗುರು) ಶಿಮೋನ್ ಬರ್ ಯೋಹಾಯ್ ಅವರ ಶಿಷ್ಯರು ಉತ್ತರ ಇಸ್ರೇಲ್‌ನ ಗಲಿಲಾಯದ ದಾರಿಗಳಲ್ಲಿ ನಡೆಯುತ್ತಾ ಒಂದೊಂದೇ ವಾಕ್ಯದ ಒಳಗುಟ್ಟು ಬಿಡಿಸುತ್ತಾರೆ. ಗ್ರಂಥ ಹುಟ್ಟಿದ್ದು 13ನೇ ಶತಮಾನದ ಕೊನೆಯ ಸ್ಪೇನ್‌ನಲ್ಲಿ, ಅಲ್ಲಿನ ಯೆಹೂದಿ ಅನುಭಾವಿ ಮೋಶೆ ದೆ ಲಿಯೋನ್ ಪಾಲು ಅದರಲ್ಲಿ ದೊಡ್ಡದು ಎನ್ನುತ್ತಾರೆ ವಿದ್ವಾಂಸರು. ನನಗೆ ಮಾತ್ರ ಆ ಶಿಷ್ಯರೆಲ್ಲ ಪರಿಚಯದವರೇ ಆಗಿಬಿಟ್ಟಿದ್ದರು.

ಲಗ್ ಬಾಓಮೆರ್ ಎಂಬ ಯೆಹೂದಿ ಹಬ್ಬದ ದಿನ ಗಲಿಲಾಯದ ಮೆರೋನ್‌ನಲ್ಲಿ ರಬ್ಬಿ ಶಿಮೋನರ ಸಮಾಧಿಯ ಬಳಿ ಬೆಂಕಿ ಹಚ್ಚಿ ಹಾಡುತ್ತಾರೆ. ಅವರು ತೀರಿಕೊಂಡ ದಿನ ಅದು ಅಂತ ನಂಬಿಕೆ. ಆ ದಿನ ಗುರುವಿನ ಕೊನೆಗಳಿಗೆಯ ಭಾಗ ಓದೋಣ ಅಂತ ಐದನೇ ಸಂಪುಟ ತೆಗೆದೆ. ಇರಲಿಲ್ಲ. ಐದೂ ಸಂಪುಟ ಹುಡುಕಿದೆ. ಎಲ್ಲೂ ಇಲ್ಲ.

ಆ ಭಾಗದ ಹೆಸರು ಇದ್ರಾ ಜುಟಾ, ಚಿಕ್ಕ ಕಣ. ಇದ್ರಾ ಅಂದರೆ ಜೋಹರ್‌ನ ಭಾಷೆ ಅರಮಾಯಿಕ್‌ನಲ್ಲಿ ಕಣ, ಕಾಳು ಒಕ್ಕುವ ನಮ್ಮ ಕಣವೇ. ಅದಕ್ಕೂ ಮುಂಚಿನದು ಇದ್ರಾ ರಬ್ಬಾ, ದೊಡ್ಡ ಕಣ. ಅಲ್ಲಿ ಗುರುವಿನ ಜೊತೆ ಒಂಬತ್ತು ಶಿಷ್ಯರು ಕೂರುತ್ತಾರೆ. ಗುಟ್ಟುಗಳು ಬಿಚ್ಚುತ್ತಾ ಹೋದಂತೆ ಮೂವರ ಪ್ರಾಣವೇ ಹೋಗುತ್ತದೆ. ನನ್ನ ಸೆಟ್‌ನಲ್ಲಿ ಅದನ್ನೂ ಬಿಟ್ಟಿದ್ದರು. ಗುರುವಿನ ಮಾತು ಶಿಷ್ಯರಿಗೆ ದಾಟುವುದೇ ಈ ಎರಡು ಕಣಗಳಲ್ಲಿ. ಅದನ್ನೇ ತೆಗೆದರೆ ಏನು ಉಳೀತು ಹೇಳಿ?

ಮ್ಯಾಟ್‌ನ 9ರಲ್ಲಿ ಇದ್ರಾ ಜುಟಾ ಇಡಿಯಾಗಿ ಇದೆ. ಸಾಯುವ ದಿನ ಗುರು ಕೆಲಸ ಹಂಚುತ್ತಾರೆ: ರಬ್ಬಿ ಅಬ್ಬಾ ಬರೆಯಲಿ, ಮಗ ಎಲಾಜಾರ್ ಬಾಯಲ್ಲಿ ಹೇಳಿಕೊಳ್ಳಲಿ, ಉಳಿದವರು ಮನಸ್ಸಿನಲ್ಲೇ ಮೆಲುಕು ಹಾಕಲಿ. ಕೊನೆಗೆ ‘ಜೀವ’ ಎಂಬ ಮಾತು ಮುಗಿಯುವ ಮೊದಲೇ ದನಿ ನಿಲ್ಲುತ್ತದೆ. ಇನ್ನೂ ಬರೆಯುವುದಿದೆ ಅಂತ ಅಬ್ಬಾ ಕಾಯುತ್ತಾರೆ, ಏನೂ ಕೇಳಿಸುವುದಿಲ್ಲ. ಬೆಳಕು ಎಷ್ಟಿತ್ತೆಂದರೆ ತಲೆ ಎತ್ತಿ ನೋಡಲೂ ಆಗಲಿಲ್ಲವಂತೆ. ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟೆ.

ಮ್ಯಾಟ್‌ನಲ್ಲಿ ಟಿಪ್ಪಣಿ ಜಾಸ್ತಿ. ಕೆಲವು ಪುಟಗಳಲ್ಲಿ ಮೂಲ ನಾಲ್ಕೇ ಸಾಲು. ನನಗೆ ಅದು ಬೇಕು, ಹೇಳಿಕೊಡುವ ಗುರು ನನಗಿಲ್ಲ.

ಮೂರನೆಯದು ವಿದ್ವಾಂಸ ತಿಶ್ಬಿ ಅವರು ಜೋಹರ್‌ನಿಂದ ಆಯ್ದ ಭಾಗಗಳು, ಮೂರು ಸಂಪುಟ. ಪೀಠಿಕೆಗಳು ತುಂಬಾ ಚೆನ್ನಾಗಿವೆ. ಆದರೆ ಎಲ್ಲವೂ ವಿಷಯವಾರು. ನಾನು ಓದುವುದು ತೋರಾವನ್ನು ವಾರಕ್ಕೊಂದು ಭಾಗದಂತೆ ಓದುವ ಪಾಠದ ಜೊತೆಗೆ, ಹಾಗಾಗಿ ನನಗೆ ಒಗ್ಗಲಿಲ್ಲ.

2004ರಿಂದ 2017ರವರೆಗೆ ಬಂದ ಮ್ಯಾಟ್ ಸೆಟ್‌ನ ಹನ್ನೆರಡೂ ಸಂಪುಟ ನನ್ನ ಸಂಬಳಕ್ಕೆ ಆಗುವುದಲ್ಲ. 9 ಇದೆ. ದೊಡ್ಡ ಕಣ ಇರುವ 8ಕ್ಕೆ ದುಡ್ಡು ಕೂಡಿಡುತ್ತಿದ್ದೇನೆ. ಅಲ್ಲಿಯವರೆಗೆ ಉಳಿದ ವಾರಗಳಿಗೆ ಹಳೆಯ ಸೆಟ್ಟೇ.